ನಾಳೆ ಎಂದು ಬರೆದಿಟ್ಟ ಸಾಲು

ಪ್ರೀತಿಯ ಅತ್ತಿಗೆ,

ನಿಮಗೆ ಹೇಳದೆ ಅಣ್ಣ ದುಡಿಯುತ್ತಿದ್ದ ಕಂಪನಿಗೇ ಅರ್ಜಿ ಹಾಕಿದ್ದೆ. ಹಿರಿಯ ಮೊಬೈಲ್ ಆ್ಯಪ್ ಡೆವಲಪರ್ ಹುದ್ದೆ, ಅವನದೇ ಜಾಗ. ನಾನು ಅವನ ತಂಗಿ ಎಂದು ಅಲ್ಲಿಯೂ ಹೇಳಿರಲಿಲ್ಲ. ನಿನ್ನೆ ಸಂದರ್ಶನವಾಯಿತು.

ಮಾತ್ರೆ ನುಂಗುವ ಹೊತ್ತನ್ನು ನೆನಪಿಸುವ ಆ್ಯಪ್‌ನ ಕೋಡ್ ಮುಂದಿಟ್ಟು, ಒಮ್ಮೊಮ್ಮೆ ಅಲಾರಂ ಎರಡು ಸಲ ಹೊಡೆದುಕೊಳ್ಳುತ್ತದೆ, ಏಕೆಂದು ಹುಡುಕಿ ಎಂದರು. ಓದುತ್ತ ಹೋದಂತೆ ನಡುವೆ ಕನ್ನಡದಲ್ಲೇ ಒಂದು ಟಿಪ್ಪಣಿ ಸಿಕ್ಕಿತು: "ಪುಟ್ಟಿ ಥರ ಅವಸರ ಮಾಡ್ಬೇಡಿ. ಇದನ್ನ ಮುಟ್ಬೇಡಿ. ನಾಳೆ ನಾನೇ ಸರಿಮಾಡ್ತೀನಿ." ಪಕ್ಕದಲ್ಲಿದ್ದ ತಾರೀಖು, ಅಣ್ಣನನ್ನು ನಮ್ಮಿಂದ ಕಿತ್ತುಕೊಂಡ ಅಪಘಾತದ ಹಿಂದಿನ ದಿನದ್ದು.

ಅವನು ಹೆಗಲ ಹಿಂದೆ ನಿಂತು ಪರದೆ ನೋಡುತ್ತಿದ್ದಾನೆ ಅನ್ನಿಸಿ, ನನಗೇ ತಿಳಿಯದೆ ಕುರ್ಚಿ ಸರಿಸಿ ಜಾಗ ಬಿಟ್ಟೆ.

"ಪುಟ್ಟಿ ಯಾರೋ ನಮಗೆ ಗೊತ್ತಿಲ್ಲ" ಎಂದರು ಮ್ಯಾನೇಜರ್. "ಎರಡು ವರ್ಷ ಆಯ್ತು, ಅದನ್ನ ಅಳಿಸೋಕೆ ಯಾರಿಗೂ ಮನಸ್ಸು ಬಂದಿಲ್ಲ."

"ನಾನೇ ಸರ್, ಪುಟ್ಟಿ" ಎಂದೆ.

ಅವರು ಎದ್ದು ಹೋಗಿ ನೀರು ತಂದುಕೊಟ್ಟರು. ಆಮೇಲೆ ನಿಧಾನವಾಗಿ ತಪ್ಪನ್ನು ಹುಡುಕಿ ಸರಿಮಾಡಿದೆ. ಟಿಪ್ಪಣಿಯನ್ನು ಮಾತ್ರ ಹಾಗೇ ಬಿಟ್ಟೆ.

ಕೆಲಸ ಸಿಕ್ಕಿದೆ. ಸೋಮವಾರ ಸೇರಬೇಕು. ಇನ್ನು ಆ ಸಾಲಿಗೆ ಕೆಲಸವಿಲ್ಲ, ಅಳಿಸಲೇಬೇಕು. ಅದಕ್ಕೆ ಮೊದಲು ನೀವು ಬಂದು ಒಮ್ಮೆ ಓದಿ. ಮ್ಯಾನೇಜರ್ ಒಪ್ಪಿದ್ದಾರೆ. ಗುರುತಿನ ಚೀಟಿ ಮರೆಯಬೇಡಿ, ಅದಿಲ್ಲದೆ ಒಳಗೆ ಬಿಡುವುದಿಲ್ಲ. ಅಳಿಸುವ ಗುಂಡಿಯನ್ನು ನೀವು ಒತ್ತುತ್ತೀರೋ, ನಾನು ಒತ್ತಲೋ, ಅಲ್ಲೇ ಕೂತು ನಿರ್ಧರಿಸೋಣ.

ನಿಮ್ಮ ದಾರಿ ಕಾಯುವ,
ನಾದಿನಿ