ಬುಟ್ಟಿಯ ತಳದ ಈರುಳ್ಳಿ

ದೇವನೂರು
ಶನಿವಾರ, 9-10-1976

ನನ್ನ ಯಜಮಾನರ ಪಾದಗಳಿಗೆ ನಮಸ್ಕಾರಗಳು.

ನೀವು ಕ್ಷೇಮವೇ? ರೂಢಿಗೆ ಕೇಳುವ ಮಾತು ಎಂದುಕೊಳ್ಳಬೇಡಿ. ವಾಂತಿಯಾಯಿತೇ, ಹೊಟ್ಟೆ ನುಲಿಯುತ್ತಿದೆಯೇ, ಕೈ ನಡುಗುತ್ತಿದೆಯೇ? ಮೊದಲು ಒಂದು ಕೆಲಸ ಮಾಡಿ. ಬುಧವಾರ ನೀವು ಹೊರಟಾಗ ಅತ್ತೆ ನಿಮ್ಮ ಚೀಲಕ್ಕೆ ಹಾಕಿಕೊಟ್ಟ ಸಣ್ಣ ಈರುಳ್ಳಿ ಇದೆಯಲ್ಲ, ಅದನ್ನು ಮುಟ್ಟಬೇಡಿ. ಅಣೆಕಟ್ಟೆ ಕ್ಯಾಂಪಿನಲ್ಲಿ ನಿಮ್ಮ ಜೊತೆ ಉಣ್ಣುವ ಮೂವರಿಗೂ ಮುಟ್ಟಬೇಡಿ ಎಂದು ಹೇಳಿ. ಆಳವಾಗಿ ಗುಂಡಿ ತೋಡಿ ಹೂತುಬಿಡಿ. ಆಗಲೇ ತಿಂದಿದ್ದರೆ ತಡ ಮಾಡದೆ ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ. ಮಿಕ್ಕದ್ದನ್ನು ಆಮೇಲೆ ಓದಿ.

ತಪ್ಪು ನನ್ನದು. ಹೋದ ವರ್ಷ ನಾವು ಆಯುಧಪೂಜೆ ಮುಗಿಸಿ ನೆಟ್ಟ ಈರುಳ್ಳಿ ಗಡ್ಡೆಯೆಲ್ಲ ಸ್ವಾತಿ ಮಳೆಗೆ ಕೊಳೆತುಹೋದದ್ದು ನೆನಪಿದೆಯಲ್ಲ. ಊರಿನವರೆಲ್ಲ ಸಂಕ್ರಾಂತಿ ಕಳೆದ ಮೇಲೆ ನೆಡುವಾಗ ನಮಗೇಕೆ ಈ ಆತುರ ಎಂದು ಎಷ್ಟು ಜನ ಆಡಿಕೊಂಡರು! ಸಂಕ್ರಾಂತಿಗೆ ಮುಂಚೆಯೇ ಕಿತ್ತು, ಸಂತೆಯಲ್ಲಿ ಇನ್ನೊಬ್ಬರ ಈರುಳ್ಳಿ ಇಲ್ಲದಾಗ ನಮ್ಮದು ಇಡಬೇಕು ಅನ್ನುವುದು ನಿಮ್ಮ ಹಟ. ಆ ಹಟ ಗೆಲ್ಲಲಿ ಎಂದು ನಾನು ಗ್ರಾಮಸೇವಕ ರಾಘವೇಂದ್ರಯ್ಯನವರನ್ನು ಕೇಳಿದೆ. ಅವರು ತಲೆಬುರುಡೆ ಚಿತ್ರವಿರುವ ಒಂದು ಪೊಟ್ಟಣ ಕೊಟ್ಟು, ನೀರಿಗೆ ಕದಡಿ ಗಡ್ಡೆ ಅದ್ದಿ, ನೆರಳಲ್ಲಿ ಒಣಗಿಸಿ ನೆಟ್ಟರೆ ಕೊಳೆಯುವುದಿಲ್ಲ ಎಂದರು. ಮಿಕ್ಕದ್ದನ್ನು ಹಸುವಿಗೂ ಹಾಕಬೇಡ ತಾಯಿ ಎಂದು ಎರಡೆರಡು ಸಲ ಹೇಳಿದರು.

ಅತ್ತೆಗೆ ಹೇಳೋಣ ಎಂದರೆ ಅವರ ಬಾಯಿ ನಿಮಗೆ ಗೊತ್ತೇ ಇದೆ. ಬಿತ್ತುವ ರಾಗಿಗೆ ಬೂದಿ ಬೆರೆಸುವುದನ್ನು ಬಿಟ್ಟರೆ ಬೇರೇನೂ ಒಪ್ಪುವವರಲ್ಲ. "ಬೀಜ ಅಂದ್ರೆ ಬಸುರಿ ಇದ್ದಂಗೆ ಕಣವ್ವ, ಅದ್ಕೆ ಯಾರಾದ್ರೂ ಇಸ ಆಕ್ತಾರಾ" ಎಂದು ಹಿಂದೊಮ್ಮೆ ನನ್ನ ಮೇಲೆ ಎಗರಿದ್ದರು. ಅದಕ್ಕೇ ಸೋಮವಾರ ನೀವು ತಾಯಿ ಮಗ ಇಬ್ಬರೂ ನಂಜುಂಡೇಶ್ವರನ ದರ್ಶನಕ್ಕೆ ಹೋದಾಗ ಮಗುವಿಗೆ ಮೈ ಬಿಸಿ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ನೀವು ಪ್ರಸಾದ ಹಿಡಿದು ಬರುವಷ್ಟರಲ್ಲಿ ಗಡ್ಡೆ ಒಣಗಿ ಬುಟ್ಟಿ ಸೇರಿತ್ತು. ಮಂಗಳವಾರ ಮೂವರೂ ಸಾಲು ಹಿಡಿದು ನೆಟ್ಟೆವು. ಕೈ ತೊಳೆದುಕೊಂಡು ಉಣ್ಣಿ ಎಂದು ನಾನು ಗಂಟಲು ಹರಿದುಕೊಂಡಾಗ ನೀವು ನಕ್ಕಿರಿ, ಟೀಚರಮ್ಮ ಎಂದಿರಿ.

ಬಿತ್ತನೆಯ ದಿನ ಬುಟ್ಟಿ ಬರಿದು ಮಾಡಬಾರದು, ತಳದಲ್ಲಿ ಉಳಿಸಿದ್ದನ್ನು ಮನೆಯಿಂದ ದೂರ ಹೋಗುವವರ ಬುತ್ತಿಗೆ ಹಾಕಬೇಕು, ಆಗ ಹೋದವರು ಬೆಳೆ ಕೀಳುವ ಹೊತ್ತಿಗೆ ಬಂದೇ ಬರುತ್ತಾರೆ ಅನ್ನುವುದು ನಿಮ್ಮ ಮನೆಯ ಪದ್ಧತಿಯಂತೆ. ಹುಲ್ಲಹಳ್ಳಿಯಿಂದ ಬಂದ ನನಗೆ ಇದು ಗೊತ್ತಿರಲಿಲ್ಲ. ಬುಧವಾರ ಬುಟ್ಟಿ ಖಾಲಿ ಇದ್ದದ್ದು ನೋಡಿ, ಎಲ್ಲಾ ನೆಟ್ಟಾಯಿತು, ಮಿಕ್ಕದ್ದನ್ನು ಹೂಳುವ ಕೆಲಸ ತಪ್ಪಿತು ಎಂದು ಸಮಾಧಾನಪಟ್ಟುಕೊಂಡೆ. ಇವತ್ತು ಮಗುವಿಗೆ ನೀರು ಹಾಕುತ್ತಾ ಅತ್ತೆ ಎಷ್ಟು ಖುಷಿಯಿಂದ ಹೇಳಿದರು ಗೊತ್ತೇ? "ಒಂದ್ ಸೇರಾಗೋಷ್ಟು ಉಳ್ದಿತ್ತು ಕಣವ್ವ, ಎಲ್ಲಾನೂವೆ ನನ್ನ ಮಗನ ಚೀಲಕ್ಕೆ ಸುರ್ದೆ. ಮುದ್ದೆ ಜೊತೆ ಗುದ್ಕಂಡು ತಿನ್ಲಿ." ನನ್ನ ಕೈಯಲ್ಲಿದ್ದ ಚೊಂಬು ಬಿದ್ದುಹೋಯಿತು. ನೀವು ಸಿಪ್ಪೆ ಕೂಡ ಸರಿಯಾಗಿ ಬಿಡಿಸುವವರಲ್ಲ, ಮುಷ್ಟಿಯಲ್ಲಿ ಗುದ್ದಿ ಹಾಗೇ ಬಾಯಿಗೆ ಹಾಕಿಕೊಳ್ಳುವವರು.

ಅತ್ತೆಗೆ ಇನ್ನೂ ಹೇಳಿಲ್ಲ. ಭಯ. ಒಲೆ ಮುಂದೆ ಕುಳಿತರೆ ಭಯ, ಬಾಗಿಲಲ್ಲಿ ಅಂಚೆಯವನ ಸೈಕಲ್ ನಿಂತರೆ ಭಯ. ನಿಮ್ಮ ಕ್ಯಾಂಪಿಗೆ ತಂತಿ ಬರುವುದಿಲ್ಲ ಎಂದು ನೀವೇ ಹೇಳಿದ್ದಿರಿ. ಈ ಕಾಗದ ಹೇಮಾವತಿ ಅಣೆಕಟ್ಟೆ ತಲುಪಲು ಮೂರು ದಿನ. ಮೂರು ದಿನ ಅಂದರೆ ಆರು ಊಟ. ನಂಜು ಕುಡಿದು ಅರಗಿಸಿಕೊಂಡವನೇ, ನನ್ನವರ ಹೊಟ್ಟೆಯಲ್ಲಿ ಅದು ನಿಲ್ಲದ ಹಾಗೆ ನೋಡಿಕೊಳ್ಳಪ್ಪಾ ಎಂದು ಬೆಳಗಿನಿಂದ ಬೇಡುತ್ತಿದ್ದೇನೆ. ನೆಟ್ಟ ಗಡ್ಡೆ ಮೊಳಕೆ ಬಿಟ್ಟಿದೆ, ಒಂದೂ ಕೊಳೆತಿಲ್ಲ. ಅದನ್ನು ನೋಡಿದರೆ ಕಿತ್ತು ಎಸೆಯಬೇಕು ಅನ್ನಿಸುತ್ತದೆ.

ಮಗು ಚೆನ್ನಾಗಿದೆ. ನೀವು ಉತ್ತರ ಬರೆದರೆ ವಿಷದ ಮಾತು ಬರೆಯಬೇಡಿ, ಅತ್ತೆ ನನ್ನ ಕೈಲೇ ಓದಿಸುತ್ತಾರೆ, ಓದುವಾಗ ನನಗೆ ಸುಳ್ಳು ಹೇಳಲು ಬರುವುದಿಲ್ಲ. ಕ್ಷೇಮ ಎಂದು ಒಂದು ಸಾಲು ಬರೆದರೆ ಸಾಕು.

ನಿಮ್ಮ ಪಾದಸೇವಕಿ,
ಪುಟ್ಟಲಕ್ಷ್ಮಿ

ಮತ್ತೊಂದು ವಿಷಯ: ತಡೆಯಲಾರದೆ ಅತ್ತೆಗೆ ಎಲ್ಲಾ ಹೇಳಿಬಿಟ್ಟೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೂರು ದಿನದ ಕಾಗ್ದ ಯಾಕವ್ವ, ನಾನೇ ಓಯ್ತೀನಿ" ಎಂದು ಎದ್ದರು. ನಂಜನಗೂಡು ದಾಟಿ ಗೊತ್ತಿಲ್ಲದ ಹೆಂಗಸು. ಮೂರು ಗಂಟೆ ಬಸ್ಸಿಗೆ ಹೊರಟು ನಿಂತಿದ್ದಾರೆ, ಮೈಸೂರು, ಹಾಸನ ಎಂದು ಬಾಯಿಪಾಠ ಮಾಡುತ್ತಿದ್ದಾರೆ. ನಿಮ್ಮ ಮುಖ ನೋಡುವ ತನಕ ಅನ್ನ ಮುಟ್ಟುವುದಿಲ್ಲವಂತೆ, ಮೊದಲು ಊಟ ಹಾಕಿಸಿ. ಈ ಕಾಗದವನ್ನು ಅಂಚೆಗೆ ಹಾಕದೆ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಓದಿದ್ದಕ್ಕೆ ಕೆಳಗೆ ನೀವೇ ರುಜು ಹಾಕಿ ಅವರ ಕೈಗೇ ವಾಪಸು ಕೊಡಿ. ಅತ್ತೆ ಊರಿಗೆ ಮರಳಿ ಬಸ್ಸಿಳಿದಾಗ ಅವರ ಮುಖ ನೋಡುವ ಧೈರ್ಯ ನನಗಿಲ್ಲ, ರುಜು ನೋಡುತ್ತೇನೆ.