ಅಯೋಡಿನ್‌ನ ವರ್ಗಾವಣೆ

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ಅಯೋಡಿನ್ ಎಂಬ ಮೂಲಧಾತುವನ್ನು ಅದರ ಒಡಹುಟ್ಟಿದವರಿಂದ ಅಗಲಿಸಿ ಪಕ್ಕದ ಮನೆಗೆ ವರ್ಗ ಮಾಡಿದ ತಮ್ಮ ಆದೇಶದಿಂದ ನನ್ನ ವಿದ್ಯಾರ್ಥಿನಿಯೊಬ್ಬಳು ಮೌಖಿಕ ಪರೀಕ್ಷೆಯಲ್ಲಿ ನಪಾಸಾಗಿದ್ದಾಳೆ. ಆ ತಪ್ಪನ್ನು ಗೋಡೆಯ ಮೇಲೆ ತಿದ್ದಿದ ನನಗೆ, 'ಸದರಿ ಶಿಕ್ಷಕಿ' ಸಾರ್ವಜನಿಕ ಆಸ್ತಿಯನ್ನು ವಿರೂಪಗೊಳಿಸಿದ್ದೇಕೆ ಎಂಬ ನೋಟಿಸು ಬಂದಿದೆ. ಉತ್ತರವನ್ನು ಲಕೋಟೆಯಲ್ಲಿ ಕಳಿಸಿದರೆ ತಮ್ಮ ಕಚೇರಿಯಲ್ಲಿ ಅದಕ್ಕೆ ಮೋಕ್ಷ ಸಿಕ್ಕೀತೆಂದು ಹೆದರಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಪ್ರಯೋಗಾಲಯದ ಗೋಡೆಯ ಮೇಲಿನ ಆವರ್ತಕ ಕೋಷ್ಟಕ, ಅಂಗಡಿ ಬೋರ್ಡು ಬರೆಯುವ ನನ್ನ ಅಣ್ಣ ಬಿಟ್ಟಿಯಾಗಿ ಬರೆದುಕೊಟ್ಟದ್ದು. ತಪಾಸಣೆಗೆ ಬಂದ ತಾವು ಅದರ ಮುಂದೆ ಬಹಳ ಹೊತ್ತು ನಿಂತಿರಿ. ಮೇಲಿನ ಸಾಲಿನಲ್ಲಿ ಹೈಡ್ರೋಜನ್ ಈ ತುದಿಗೆ, ಹೀಲಿಯಂ ಆ ತುದಿಗೆ; ನಡುವೆ ಇಷ್ಟೊಂದು ಜಾಗ ಪೋಲಾಗಿದೆಯಲ್ಲ ಎಂದು ನೊಂದುಕೊಂಡಿರಿ. ಕೆಳಗೆ ಎರಡು ಸಾಲುಗಳನ್ನು ಹೊರಗೆ ಹಾಕಿದ್ದೇಕೆ ಎಂದು ಗದರಿದಿರಿ. ಒಳಗೆ ಸೇರಿಸಿದರೆ ಕೋಷ್ಟಕ ಕಿಟಕಿ ದಾಟಿ ಕೈತೊಳೆಯುವ ನಲ್ಲಿಯವರೆಗೆ ಹೋಗುತ್ತದೆ, ಸ್ವಾಮೀ. ಅಷ್ಟಕ್ಕೇ ಬಿಟ್ಟಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ತಮ್ಮ ಹದ್ದಿನ ಕಣ್ಣು ಟೆಲ್ಲುರಿಯಂ ಮೇಲೆ ಬಿತ್ತು.

"ಇದರ ತೂಕ ಜಾಸ್ತಿ, ಪಕ್ಕದ ಅಯೋಡಿನ್‌ದು ಕಮ್ಮಿ. ಭಾರ ಇರೋದು ಮೊದಲು ಹೇಗೆ ಬಂತು? ಅದಲು ಬದಲು ಮಾಡ್ಸಿ."

"ತೂಕ ನೋಡಿ ಕೂರ್ಸಿಲ್ಲ ಸರ್, ಪ್ರೋಟಾನ್ ಎಣಿಸಿ ಕೂರ್ಸಿರೋದು."

"ನನಗೇ ಪಾಠ ಹೇಳ್ತೀರಾ?"

ಹೇಳುತ್ತಿದ್ದೆ, ತಾವು ಕೂರಲಿಲ್ಲ. ಈಗ ಕೇಳಿ. ಪರಮಾಣುವಿನ ಒಡಲಲ್ಲಿ ಎಷ್ಟು ಪ್ರೋಟಾನುಗಳಿವೆಯೋ ಅದೇ ಅದರ ಸರದಿ: ಟೆಲ್ಲುರಿಯಂ ಐವತ್ತೆರಡು, ಅಯೋಡಿನ್ ಐವತ್ತಮೂರು. ಮನೆಗೆ ನಂಬರು ಕೊಡುವಾಗ ಒಳಗಿರುವವರ ಮೈತೂಕ ಯಾರಾದರೂ ನೋಡುತ್ತಾರೆಯೇ? ಹೀಗೆ ಸರದಿಯಂತೆ ಜೋಡಿಸಿದರೆ ಒಂದೇ ಗುಣದವು ಒಂದೇ ಕಂಬಸಾಲಿನಲ್ಲಿ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ನಾಲ್ಕೂ ಹೊರಕವಚದಲ್ಲಿ ಏಳು ಎಲೆಕ್ಟ್ರಾನ್ ಇಟ್ಟುಕೊಂಡು ಎಂಟನೆಯದಕ್ಕೆ ಬಾಯಿಬಿಡುವ ಒಂದೇ ತಾಯಿಯ ಮಕ್ಕಳು. ತಾವು ಹೋಗಿ ಬರೆದು ಕಳಿಸಿದ ಆದೇಶ ಅಯೋಡಿನ್ನನ್ನು ಹೊರಕವಚದಲ್ಲಿ ಆರೇ ಎಲೆಕ್ಟ್ರಾನ್ ಇರುವ ಆಕ್ಸಿಜನ್, ಗಂಧಕಗಳ ಮನೆಗೆ ದತ್ತು ಕೊಟ್ಟಿತು.

ನಾನು ತರಬೇತಿಗೆ ಹೋಗಿದ್ದಾಗ ಮುಖ್ಯೋಪಾಧ್ಯಾಯರು ಆ ಆದೇಶವನ್ನು ಅಣ್ಣನಿಗೆ ತೋರಿಸಿ ಹೆಸರುಗಳನ್ನು ಅದಲು ಬದಲು ಮಾಡಿಸಿದರು. ಮರುವಾರವೇ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಗೋಡೆಗೆ ಬೆನ್ನು ಹಾಕಿ ಕುಳಿತು ಆ ಹುಡುಗಿಯನ್ನು ಅಯೋಡಿನ್ ಬಗ್ಗೆ ಕೇಳಿದರು. ನಾನು ಕಲಿಸಿದ್ದು ಅವಳ ನಾಲಿಗೆಯ ತುದಿಯಲ್ಲಿತ್ತು. ಕಣ್ಣೆತ್ತಿದಳು, ಗೋಡೆ ಬೇರೆ ಹೇಳಿತು. ತನ್ನದೇ ತಪ್ಪೆಂದುಕೊಂಡು ಗೋಡೆ ಹೇಳಿದಂತೆಯೇ ಉತ್ತರಿಸಿದಳು: ಹೊರಕವಚದಲ್ಲಿ ಆರು ಎಲೆಕ್ಟ್ರಾನ್, ಜೊತೆಗೂಡಲು ಎರಡು ಸೋಡಿಯಂ. ಪ್ರತಿ ಉತ್ತರಕ್ಕೂ ಸೊನ್ನೆ ಬಿತ್ತು.

ನಾನು ಮರಳಿದ ದಿನ ಅವಳು ಅಳಲಿಲ್ಲ. "ನೀವು ಹೇಳ್ಕೊಟ್ಟಿದ್ದು ನೆನಪಿತ್ತು ಮೇಡಂ. ಸರ್ಕಾರದ ಗೋಡೆ ಸುಳ್ಳು ಹೇಳತ್ತೆ ಅಂತ ಗೊತ್ತಿರ್ಲಿಲ್ಲ," ಎಂದಳು. ಸಂಜೆ ಅಣ್ಣನಿಗೆ ಹೇಳಿದಾಗ ಊಟದ ತಟ್ಟೆ ಸರಿಸಿದ. "ಬೋರ್ಡ್ ತಪ್ಪು ಬರೆದ್ರೆ ಗಿರಾಕಿ ಬೈತಾನೆ, ತಿದ್ದಿಕೊಡ್ತೀನಿ. ಈ ಮಗುಗೆ ಏನು ತಿದ್ದಿಕೊಡ್ಲಿ?" ಭಾನುವಾರ ಇಬ್ಬರೂ ಹೋಗಿ ಎರಡು ಮನೆಗಳನ್ನೂ ಮೊದಲಿನಂತೆ ಮಾಡಿದೆವು. ಇದೇ ತಾವು ಕೇಳಿದ ವಿರೂಪ.

ನೋಟಿಸನ್ನು ಹಿಂಪಡೆಯಿರೆಂದು ನಾನು ಕೇಳುವುದಿಲ್ಲ, ಚೌಕಟ್ಟು ಹಾಕಿಸಿಟ್ಟುಕೊಳ್ಳುತ್ತೇನೆ. ಆ ಹುಡುಗಿಗೆ ಈ ತಿಂಗಳೊಳಗೆ ಮತ್ತೊಮ್ಮೆ ಮೌಖಿಕ ಪರೀಕ್ಷೆ ಆಗಬೇಕು. ಬೇಕಿದ್ದರೆ ತಾವೇ ಬಂದು ಪ್ರಶ್ನೆ ಕೇಳಿ. ಉತ್ತರ ಸರಿಯೋ ತಪ್ಪೋ ಎಂದು ತಮಗೆ ಅನುಮಾನ ಬಂದರೆ, ಅವಳೇ ವಿವರಿಸುತ್ತಾಳೆ.

ಇಂತಿ,
ಉಗುರಿಗೆ ಹತ್ತಿದ ಗೋಡೆಯ ಬಣ್ಣ ಇನ್ನೂ ಬಿಡದ,
ತಮ್ಮ 'ಸದರಿ ಶಿಕ್ಷಕಿ'