ಅಡುಗೆಮನೆಯ ಹಲಗೆ

ಮಗಳೇ,

ಸೋದರತ್ತೆಯ ಮನೆಯಲ್ಲಿ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ನೀಲಿ ಸ್ವೆಟರ್ ಇಲ್ಲೇ ಉಳಿದಿದೆ, ಅಮ್ಮ ಒಗೆದು ಮಡಿಸಿಟ್ಟಿದ್ದಾಳೆ.

ಮನೆ ತಣ್ಣಗಿರಲಿ ಎಂದು ಅಡುಗೆಮನೆಯಲ್ಲಿ ಎಲ್ಲರ ಹೆಸರು ಬರೆದ ಹಲಗೆ ತೂಗುಹಾಕಿದವನು ನಾನೇ. ದನಿ ಏರಿಸಿದವರು ತಮ್ಮ ಹೆಸರಿನ ಕೆಳಗೆ ತಾವೇ ಒಂದು ಗೆರೆ ಎಳೆಯಬೇಕೆಂಬ ನಿಯಮವೂ ನನ್ನದೇ. ನನ್ನ ಹೆಸರಿನ ಕೆಳಗೆ ಒಂದೂ ಗೆರೆಯಿಲ್ಲವೆಂದು ಬೀಗುತ್ತಿದ್ದೆ. ಹೋದ ಭಾನುವಾರ ಅತ್ತೆಯ ಎದುರಿಗೆ ನಿನ್ನ ಹದಿನೇಳು ಗೆರೆಗಳನ್ನು ಎಣಿಸಿ, "ಈ ಮನೆ ನೆಮ್ಮದಿ ಕೆಡಿಸ್ತಿರೋಳು ಇವಳೊಬ್ಬಳೇ" ಅಂದೆ. ನೀನು ಅತ್ತೆಯ ಜೊತೆ ಹೊರಟುಹೋದೆ.

ನಿನ್ನೆ ಟವೆಲ್ ಸಿಗಲಿಲ್ಲವೆಂದು ಕೂಗಾಡಿದೆ. ಅದು ನನ್ನ ಹೆಗಲ ಮೇಲೇ ಇತ್ತು. ಆಮೇಲೆ ನೋಡಿದರೆ ನಿನ್ನ ತಂಗಿ ಸ್ಟೂಲ್ ಹತ್ತಿ ನಿನ್ನ ಹೆಸರಿನ ಕೆಳಗೆ ಗೆರೆ ಎಳೆಯುತ್ತಿದ್ದಳು.

"ಅಕ್ಕ ಮನೇಲೇ ಇಲ್ವಲ್ಲೇ?" ಅಂದೆ.

"ನೀನು ಕೂಗಿದ್ರೆ ಗೆರೆ ಅಕ್ಕಂಗೆ ಹಾಕ್ಬೇಕು. ನಿನ್ನ ಹೆಸರಿಗೆ ಹಾಕಿದ್ರೆ ಇನ್ನೂ ಜೋರಾಗಿ ಕೂಗ್ತೀಯಂತೆ. ಅಕ್ಕನೇ ಹೇಳ್ಕೊಟ್ಟಿದ್ದು."

ಮರ ಕೊಯ್ಯುವ ಯಂತ್ರದ ಪಕ್ಕ ದುಡಿದು ದುಡಿದು ದನಿ ದೊಡ್ಡದಾಗಿದೆ ಎಂದು ಈ ಪತ್ರದಲ್ಲಿ ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಯಂತ್ರ ಯಾರಿಗೂ ಬೈಯುವುದನ್ನು ಕಲಿಸುವುದಿಲ್ಲ.

ಬರುವಾಗ ಅತ್ತೆಯನ್ನೂ ಕರೆದುಕೊಂಡು ಬಾ. ಅವಳೆದುರು ಆಡಿದ ತಪ್ಪನ್ನು ಅವಳೆದುರೇ ಒಪ್ಪಿಕೊಳ್ಳಬೇಕು.

ಹಲಗೆಯನ್ನು ಒರೆಸಿಲ್ಲ. ನಿನ್ನ ಹೆಸರನ್ನಷ್ಟೇ ಅಳಿಸಿ ಅಲ್ಲಿ ನನ್ನದನ್ನು ಬರೆದಿದ್ದೇನೆ. ಗೆರೆಗಳು ಇದ್ದ ಹಾಗೇ ಇವೆ.

ನಿನ್ನ
ಅಪ್ಪ